‘ಬಂತು’ ಅಂದ್ರೆ ಸಾಕು, ಯಾರೋ ಒಬ್ರು ಎದ್ದಿರ್ತಾರೆ

ಸಿಗರೇಟು ಕೆಟ್ಟದ್ದು ಅಂತ ಸೇದುವವರಿಗೆ ಗೊತ್ತಿಲ್ಲದೆ ಇಲ್ಲ. ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ ನೋಡೋಕಾಗದ ಚಿತ್ರ ಅಚ್ಚಾಗಿರುತ್ತೆ. ಸಿನಿಮಾಕ್ಕೆ ಹೋದ್ರೆ ಶುರುವಿನಲ್ಲಿ ಒಂದು ಸಲ, ಇಂಟರ್ವಲ್ ಆದ್ಮೇಲೆ ಇನ್ನೊಂದು ಸಲ ಹೇಳ್ತಾರೆ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ 200 ರೂಪಾಯಿ ಇದ್ದ ದಂಡ ಈಗ 1,000 ರೂಪಾಯಿವರೆಗೆ ಏರಿದೆ. ಮನೇಲಿ ಅಮ್ಮ, ಆಫೀಸಲ್ಲಿ ಎಚ್‌ಆರ್, ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಮಾಡೋ ಡಾಕ್ಟ್ರು, ಎಲ್ಲರೂ ಹೇಳಿ ಆಗಿದೆ.

ಬಿಡಬೇಕು ಅನ್ನೋ ಆಸೆಗೂ ಬರ ಇಲ್ಲ. 2016–17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಬಿಡಬೇಕು ಅಂತಿದ್ದೀವಿ’ ಅಥವಾ ‘ಬಿಡೋ ಯೋಚನೆ ಇದೆ’ ಅಂದಿದ್ದರು. ಅಂದ್ರೆ ಟೀ ಅಂಗಡಿ ಮುಂದೆ ನಿಂತಿರೋ ನಾಲ್ಕು ಜನರಲ್ಲಿ ಇಬ್ಬರಿಗಾದ್ರೂ ಕೈಯಲ್ಲಿರೋದು ಬೇಡ. ಆದ್ರೂ ಕೈಯಲ್ಲಿದೆ.

ಯಾಕೆ? ನಿಕೋಟಿನ್ ಒಂದು ಕಾರಣ, ಅದು ನಿಮಗೂ ಗೊತ್ತು. ಇನ್ನೊಂದು ಕಾರಣದ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಸಿಗರೇಟಿನ ಜೊತೆ ಒಂದಷ್ಟು ಜನ ಸಿಗ್ತಾರೆ. ಅದನ್ನು ಬಿಡೋ ದಿನ ಆ ಜನರನ್ನೂ ಬಿಡಬೇಕಾಗುತ್ತೆ. ಈ ವಾರ ಆ ಜನರ ಬಗ್ಗೆ, ಅವರ ಜಾಗಕ್ಕೆ ಬಂದ ಇನ್ನೊಂದು ಗುಂಪಿನ ಬಗ್ಗೆ ಬರೀತಿದ್ದೀನಿ. ಬೈಯಲ್ಲ, ಹೆದರಿಸಲ್ಲ. ಆರಾಮಾಗಿ ಓದಿ.

ಟೀ ಅಂಗಡಿ ಅನ್ನೋ ಎರಡನೇ ಆಫೀಸು

ಬೆಂಗಳೂರಿನ ಯಾವುದೇ ಟೆಕ್ ಪಾರ್ಕಿನ ಗೇಟು ದಾಟಿ ಐವತ್ತು ಹೆಜ್ಜೆ ನಡೀರಿ. ಒಂದು ಟೀ ಅಂಗಡಿ, ಪಕ್ಕದಲ್ಲಿ ಒಂದು ಬೀಡಾ ಡಬ್ಬಿ, ಕಟ್ಟೆ ಮೇಲೆ ಐಡಿ ಕಾರ್ಡ್ ನೇತು ಹಾಕಿಕೊಂಡ ಎಂಟು ಹತ್ತು ಜನ. ಬಿಡಿ ಸಿಗರೇಟು ಮಾರಬಾರದು ಅಂತ ಕರ್ನಾಟಕದಲ್ಲಿ 2017ರಲ್ಲೇ ಆದೇಶ ಆಗಿದೆ. ಆದ್ರೂ ಅಲ್ಲಿ ‘ಅಣ್ಣಾ, ಒಂದು ಕೊಡಿ’ ಅನ್ನೋ ಮಾತು ನಿಂತಿಲ್ಲ.

ನನ್ನ ಪಾಲಿಗೆ ಅದು ಎರಡನೇ ಆಫೀಸು. ಯಾರು ಪೇಪರ್ ಹಾಕಿದ್ದಾರೆ, ಯಾವ ಪ್ರಾಜೆಕ್ಟು ಮುಚ್ಚುತ್ತೆ, ಈ ಸಲ ಹೈಕ್ ಎಷ್ಟು, ಎಲ್ಲಾ ಗೊತ್ತಾಗೋದು ಅಲ್ಲೇ. ಮೀಟಿಂಗಲ್ಲಿ ಮುಖ ಗಂಟಿಕ್ಕಿಕೊಂಡು ಕೂರುವ ಮ್ಯಾನೇಜರು ಅಲ್ಲಿ ‘ಲೈಟರ್ ಇದ್ಯಾ?’ ಅಂತ ಕೇಳ್ತಾರೆ. ಹೊಸದಾಗಿ ಸೇರಿದ ಹುಡುಗ ಅಲ್ಲಿ ಅವರ ಸಮಕ್ಕೆ ನಿಂತು ಮಾತಾಡ್ತಾನೆ. ಮನಸ್ಸಿಗೆ ಬೇಜಾರಾದವನನ್ನು ‘ಬಾ, ಒಂದು ದಮ್ ಹೊಡೆದು ಬರೋಣ’ ಅಂತ ಕರ್ಕೊಂಡು ಹೋಗೋದೂ ಅಲ್ಲಿಗೇ. ‘ಬಾ, ನಿನ್ನ ಕಷ್ಟ ಹೇಳು’ ಅಂತ ನಮ್ಮಲ್ಲಿ ಯಾರೂ ನೇರವಾಗಿ ಕೇಳಲ್ಲ. ದಮ್ ಅನ್ನೋದು ಆ ಮಾತಿಗೆ ಒಂದು ನೆಪ.

ಬಿಟ್ಟ ಮೊದಲ ವಾರ ನಾನೂ ಅಲ್ಲಿಗೆ ಹೋದೆ, ಬರೀ ಟೀ ಕುಡಿಯೋಕೆ. ಬಲಗೈಯಲ್ಲಿ ಲೋಟ. ಎಡಗೈಗೆ ಏನು ಮಾಡಬೇಕು ಅಂತಾನೇ ಗೊತ್ತಾಗಲಿಲ್ಲ. ಜೇಬಿಗೆ ಹಾಕಿದೆ, ತೆಗೆದೆ, ಕಡ್ಲೆಕಾಯಿ ಪೊಟ್ಟಣ ತಗೊಂಡೆ. ‘ಯಾಕೆ, ಹುಷಾರಿಲ್ವಾ?’ ಅಂತ ಮೂರು ಜನ ಕೇಳಿದ್ರು. ನಾಲ್ಕನೆಯವನು ಪ್ಯಾಕ್ ತೆಗೆದು ಮುಂದೆ ಹಿಡಿದ. ಅವನದು ಕೆಟ್ಟ ಬುದ್ಧಿ ಏನಲ್ಲ, ಅಭ್ಯಾಸದ ಮರ್ಯಾದೆ ಅಷ್ಟೇ. ಮನೆಗೆ ಬಂದವರಿಗೆ ಕಾಫಿ ಕೇಳೋ ಹಾಗೆ.

ಆ ಕಟ್ಟೆಯಿಂದ ಎದ್ದು ಬಂದವನಿಗೆ ಕೂರೋಕೆ ಇನ್ನೊಂದು ಕಟ್ಟೆ ಬೇಕು. ನನಗೆ ಸಿಕ್ಕಿದ ಕಟ್ಟೆ ಫೋನಿನೊಳಗಿತ್ತು.

ಆರು ಊರು, ಒಂದು ಗುಂಪು

ನಾವು ಆರು ಜನ. ಮೈಸೂರಿನಲ್ಲಿ ಒಟ್ಟಿಗೆ ಓದಿದವರು. ಈಗ ದಿಕ್ಕಿಗೊಬ್ಬರು. ಕಾಲೇಜಿನಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿಂದಲೇ ಕರೀತಿದ್ವಿ, ಈಗಲೂ ಹಾಗೇ. ಹುಣಸೂರು ಮೈಸೂರಲ್ಲೇ ಇದ್ದಾನೆ. ದಾವಣಗೆರೆ ಸೈಟ್ ಎಂಜಿನಿಯರು, ಹುಬ್ಬಳ್ಳಿ ಕಡೆ ರಸ್ತೆ ಕೆಲಸ. ಬೀದರ್ ಪುಣೆಯ ಬ್ಯಾಂಕಿನಲ್ಲಿ. ಶಿರಸಿ ಲಾಕ್‌ಡೌನಲ್ಲಿ ಊರಿಗೆ ಹೋದವನು, ಅಲ್ಲಿಂದಲೇ ಕೆಲಸ ಮಾಡ್ತಾನೆ. ಕುಂದಾಪುರ ನಮ್ಮಲ್ಲಿ ಒಬ್ಬಳೇ ಹುಡುಗಿ, ಡಬ್ಲಿನ್‌ನಲ್ಲಿ ಇದ್ದಾಳೆ. ನಾನು ತಿಪಟೂರು.

ಹೋದ ವರ್ಷ ಜೂನ್ ತಿಂಗಳ ಒಂದು ಭಾನುವಾರ ರಾತ್ರಿ ಹುಣಸೂರು ಒಂದು ಮೆಸೇಜ್ ಹಾಕಿದ. ಮಗಳಿಗೆ ನಾಲ್ಕು ತಿಂಗಳು ಆಗಿತ್ತು. ‘ಎತ್ಕೊಳ್ಳೋಕೆ ಮುಂಚೆ ದಿನಾ ಶರ್ಟ್ ಬದಲಾಯಿಸಿ, ಕೈ ತೊಳೆದು, ಬಾಯಿ ಮುಕ್ಕಳಿಸಿ ಸಾಕಾಯ್ತು. ನಾಳೆಯಿಂದ ಬಿಡ್ತೀನಿ. ಯಾರ್ಯಾರು ಬರ್ತೀರಿ?’

ಸಾಮಾನ್ಯವಾಗಿ ಇಂಥ ಮಾತಿಗೆ ನಮ್ಮ ಗುಂಪಲ್ಲಿ ಬರೋದು ಬರೀ ಗೇಲಿ. ಅವತ್ತು ಯಾರೂ ಗೇಲಿ ಮಾಡಲಿಲ್ಲ. ಹತ್ತು ನಿಮಿಷ ಸುಮ್ಮನಿದ್ದು ಕುಂದಾಪುರ ‘ನಾನು’ ಅಂದ್ಲು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅಂದ್ರು. ಪ್ರವಾಸಕ್ಕೆ ಹೊರಟವರ ಹಾಗೆ ನಾಳೆ ಬೆಳಿಗ್ಗೆಯಿಂದ ಅಂತ ಒಪ್ಪಂದ ಆಯ್ತು.

ಮೊದಲ ಮೂರು ದಿನ ಏನಾಗುತ್ತೆ

ಇದನ್ನು ತಿಳ್ಕೊಂಡು ಹೊರಟರೆ ದಾರಿ ಸುಲಭ. ಒಂದು ದಮ್ ಎಳೆದ ಹತ್ತಿಪ್ಪತ್ತು ಸೆಕೆಂಡಲ್ಲಿ ನಿಕೋಟಿನ್ ಮಿದುಳಿಗೆ ತಲುಪುತ್ತೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿರೋ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ಎರಡು ಗಂಟೆಯ ಮೀಟಿಂಗಿನ ಕೊನೆಯಲ್ಲಿ ಕಾಲು ತಾನಾಗೇ ಅಲ್ಲಾಡೋಕೆ ಶುರುವಾಗೋದು. ಪೂರ್ತಿ ನಿಲ್ಲಿಸಿದಾಗ ಮೊದಲ ಮೂರು ದಿನ ಅತಿ ಕಷ್ಟ. ಸಿಟ್ಟು, ಹಸಿವು, ನಿದ್ದೆ ಬಾರದಿರೋದು, ಯಾವುದರ ಮೇಲೂ ಗಮನ ನಿಲ್ಲದಿರೋದು, ಕೆಲವರಿಗೆ ಮಲಬದ್ಧತೆ. ಎರಡರಿಂದ ನಾಲ್ಕು ವಾರದಲ್ಲಿ ಬಹಳಷ್ಟು ಇಳಿಯುತ್ತೆ.

ಆದ್ರೆ ಮುಖ್ಯವಾದ ವಿಷಯ ಇದು: ‘ಈಗಲೇ ಬೇಕು’ ಅನ್ನೋ ತುಡಿತ ದಿನವಿಡೀ ಒಂದೇ ಸಮ ಇರಲ್ಲ. ಅಲೆ ಥರ ಬರುತ್ತೆ, ಐದು ನಿಮಿಷವೋ ಹತ್ತು ನಿಮಿಷವೋ ಇದ್ದು ಇಳಿದು ಹೋಗುತ್ತೆ. ಸೇದಿದ್ರೂ ಹೋಗುತ್ತೆ, ಸೇದದಿದ್ರೂ ಹೋಗುತ್ತೆ. ಜೀವನಪೂರ್ತಿ ಬಿಡಬೇಕು ಅಂದ್ರೆ ಬೆಟ್ಟ. ಐದು ನಿಮಿಷ ಕಳೀಬೇಕು ಅಂದ್ರೆ ಆಗುತ್ತೆ.

ಆ ಐದು ನಿಮಿಷಕ್ಕೆ ನಮ್ಮ ಗುಂಪು ಒಂದು ನಿಯಮ ಮಾಡ್ತು. ತುಡಿತ ಬಂದವರು ‘ಬಂತು’ ಅಂತ ಒಂದೇ ಪದ ಹಾಕೋದು. ಕಾರಣ ಬರೆಯೋ ಹಾಗಿಲ್ಲ, ವಿವರಣೆ ಬೇಡ. ಮೊದಲು ನೋಡಿದವರು ಏನಾದ್ರೂ ಮಾತು ತೆಗೀಬೇಕು. ಸಿಗರೇಟಿನ ವಿಷಯ ಬಿಟ್ಟು ಬೇರೆ ಯಾವುದಾದ್ರೂ ಆಗಬಹುದು.

ಎರಡನೇ ದಿನ ಮಧ್ಯಾಹ್ನ ಊಟ ಆದ ತಕ್ಷಣ ನನಗೆ ಬಂತು. ಊಟದ ಮೇಲಿನದ್ದು ಎಲ್ಲಕ್ಕಿಂತ ಜೋರು. ‘ಬಂತು’ ಅಂತ ಹಾಕಿದೆ. ಅರ್ಧ ನಿಮಿಷದಲ್ಲಿ ಶಿರಸಿ ಒಂದು ಫೋಟೊ ಕಳಿಸಿದ. ಅಂಗಳದಲ್ಲಿ ಒಂದು ದೊಡ್ಡ ಹಲಸಿನ ಹಣ್ಣು. ‘ಇದು ಬಕ್ಕೆಯೋ ಬಿಳುವವೋ, ಹೇಳು ನೋಡೋಣ.’ ತಿಪಟೂರಿನವನಿಗೆ ತೆಂಗಿನಕಾಯಿ ಕೇಳಿದ್ರೆ ಹೇಳಬಹುದು, ಹಲಸಿನದ್ದು ಏನು ಗೊತ್ತು? ಏನೋ ಒಂದು ಹೇಳಿದೆ. ಬೀದರ್ ಮಧ್ಯೆ ಬಂದು ವಾದ ಶುರು ಮಾಡಿದ. ಎಂಟು ನಿಮಿಷ ಆಗಿತ್ತು. ಅಲೆ ಹೋಗಿತ್ತು.

ರಾತ್ರಿ ಹೊತ್ತಿನದು ಕುಂದಾಪುರದ ಪಾಳಿ. ನಮ್ಮಲ್ಲಿ ರಾತ್ರಿ ಹನ್ನೆರಡು ಅಂದ್ರೆ ಬೇಸಿಗೆಯ ಡಬ್ಲಿನ್‌ನಲ್ಲಿ ಸಂಜೆ ಏಳೂವರೆ. ನಿದ್ದೆ ಬಾರದೆ ಒದ್ದಾಡೋರು ‘ಬಂತು’ ಅಂದ್ರೆ ಅವಳು ಅಡುಗೆ ಮಾಡ್ತಾ ಫೋನ್ ಎತ್ತುತ್ತಿದ್ಲು. ಅವಳಿಗೆ ಅಲ್ಲಿನ ರಾತ್ರಿ ಬಂದಾಗ ಇಲ್ಲಿ ಬೆಳಗಿನ ಜಾವ. ಸೈಟಿಗೆ ಹೊರಡೋಕೆ ಬೇಗ ಏಳೋ ದಾವಣಗೆರೆ ಸಿಗ್ತಿದ್ದ. ನಾವು ದೂರ ದೂರ ಇದ್ದದ್ದೇ ಒಂದು ಅನುಕೂಲ ಆಯ್ತು ನೋಡಿ, 24 ಗಂಟೆಯಲ್ಲಿ ಯಾವಾಗ ನೋಡಿದ್ರೂ ಯಾರೋ ಒಬ್ಬರು ಎದ್ದಿರ್ತಾರೆ.

ಕಾಫಿ ಪ್ರಿಯರಿಗೆ ಒಂದು ಮಾತು. ಸಿಗರೇಟಿನ ಹೊಗೆ ದೇಹದಲ್ಲಿ ಕೆಫೀನ್ ಬೇಗ ಕರಗೋ ಹಾಗೆ ಮಾಡುತ್ತೆ. ಬಿಟ್ಟ ಮೇಲೆ ಆ ವೇಗ ಇಳಿಯುತ್ತೆ. ಹಾಗಾಗಿ ಎಂದಿನ ಹಾಗೆ ನಾಲ್ಕು ಫಿಲ್ಟರ್ ಕಾಫಿ ಕುಡಿದ್ರೆ ಕೆಫೀನ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ‘ಸಿಗರೇಟು ಬಿಟ್ಟು ಹೀಗಾಯ್ತು’ ಅಂದುಕೊಂಡು ಮತ್ತೆ ಅಂಗಡಿಗೆ ಹೋಗೋರು ಇದ್ದಾರೆ. ಕೆಲವು ವಾರ ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ.

ಯಾವ ಪ್ರೋತ್ಸಾಹ ಕೆಲಸ ಮಾಡಲ್ಲ

ಮೊದಲ ವಾರ ಬೀದರ್ ಬಹಳ ಉತ್ಸಾಹದಲ್ಲಿದ್ದ. ಶ್ವಾಸಕೋಶದ ವಿಡಿಯೊ, ಕ್ಯಾನ್ಸರ್ ವಾರ್ಡಿನ ಚಿತ್ರ, ಸೂರ್ಯೋದಯದ ಮೇಲೆ ಬರೆದ ನುಡಿಮುತ್ತು. ‘ನೀನು ಗೆಲ್ತೀಯ ಬ್ರೋ’, ಮೂರು ಬೆಂಕಿ ಎಮೋಜಿ. ಹುಣಸೂರು ಒಂದು ದಿನ ಬರೆದ: ‘ಬೆಂಕಿ ಕಳಿಸಬೇಡ ಮಾರಾಯ, ಅದನ್ನ ನೋಡಿದ್ರೇ ಹಚ್ಚಬೇಕು ಅನ್ಸುತ್ತೆ.’

ನಗು ಬಂತು, ಆದ್ರೆ ಅದರಲ್ಲಿ ನಿಜ ಇದೆ. ಹೆದರಿಸೋ ಚಿತ್ರ ನೋಡಿದಾಗ ಆತಂಕ ಹೆಚ್ಚುತ್ತೆ. ಆತಂಕ ಆದಾಗ ಸೇದುವವನ ಕೈ ಎಲ್ಲಿಗೆ ಹೋಗುತ್ತೆ ಅಂತ ಬೇರೆ ಹೇಳಬೇಕಾ? ಚಪ್ಪಾಳೆಯದ್ದೂ ಅದೇ ಕಥೆ. ಹತ್ತು ದಿನ ಆಯ್ತು, ಸೂಪರ್ ಅಂತ ಆರು ಜನ ಹೊಗಳಿದ ಮೇಲೆ, ಹನ್ನೊಂದನೇ ದಿನ ಕಷ್ಟ ಆಗ್ತಿದೆ ಅಂತ ಹೇಳೋಕೆ ನಾಲಿಗೆ ಏಳಲ್ಲ.

ಇದು ಚೆನ್ನಾಗಿ ಅರ್ಥ ಆಗಿದ್ದು ದಾವಣಗೆರೆಯಿಂದ.

ಹತ್ತೊಂಬತ್ತನೇ ದಿನ

ಬೀದರ್ ಬ್ಯಾಂಕಿನವನು ಅಲ್ವಾ, ಒಂದು ಶೀಟ್ ಮಾಡಿದ್ದ. ಆರು ಹೆಸರು, ಪ್ರತಿದಿನ ಒಂದೊಂದು ಹಸಿರು ಚೌಕ. ಸೇದಿದ್ರೆ ಎಣಿಕೆ ಸೊನ್ನೆಯಿಂದ ಶುರು. ಹದಿನೆಂಟು ದಿನ ಎಲ್ಲರ ಸಾಲೂ ಹಸಿರು.

ಹತ್ತೊಂಬತ್ತನೇ ದಿನ ರಾತ್ರಿ ಸೈಟಲ್ಲಿ ಕಾಂಕ್ರೀಟು ಹಾಕೋ ಹೊತ್ತಿಗೆ ಮಳೆ ಹಿಡಿದುಕೊಳ್ತು. ಲಾರಿ ಸಾಲಾಗಿ ನಿಂತಿವೆ, ಕಂಟ್ರಾಕ್ಟರು ಫೋನಲ್ಲಿ ಕೂಗಾಡ್ತಿದ್ದಾನೆ, ನೆಟ್‌ವರ್ಕ್ ಇಲ್ಲ. ಶೆಡ್ ಒಳಗೆ ಮೇಸ್ತ್ರಿ ಒಂದು ಬೀಡಿ ಕೊಟ್ಟ. ದಾವಣಗೆರೆ ತಗೊಂಡ. ಬೆಳಿಗ್ಗೆ ಹೊತ್ತಿಗೆ ಒಂದು ಪ್ಯಾಕ್ ಮುಗಿದಿತ್ತು.

ಇದೆಲ್ಲಾ ನಮಗೆ ಗೊತ್ತಾಗಿದ್ದು ಆಮೇಲೆ. ಅವತ್ತು ಕಂಡದ್ದು ಇಷ್ಟೇ, ಅವನು ಗುಂಪು ಬಿಟ್ಟು ಹೋಗಿದ್ದ. ಒಂದು ಮಾತಿಲ್ಲ. ಫೋನ್ ಮಾಡಿದ್ರೆ ಎತ್ತಲ್ಲ. ಹತ್ತು ವರ್ಷದ ಸ್ನೇಹ, ಅವನ ಮದುವೆಯಲ್ಲಿ ಬಡಿಸಿದವರು ನಾವು, ಅಕ್ಕನ ಆಪರೇಷನ್ನಿಗೆ ರಕ್ತ ಕೊಟ್ಟವರು. ಒಂದು ಸಿಗರೇಟಿಗೆ ಮುಖ ತೋರಿಸಲಾರದೆ ಹೋಗಿದ್ದ. ಚಟಕ್ಕಿಂತ ನಾಚಿಕೆ ದೊಡ್ಡದು ಅನ್ನಿಸಿದ್ದು ಅವತ್ತು.

ನಾಲ್ಕನೇ ದಿನ ಕುಂದಾಪುರದ ಕರೆ ಎತ್ತಿದ. ಅವಳು ‘ಯಾಕೆ ಸೇದಿದೆ’ ಅಂತ ಕೇಳಲಿಲ್ಲ. ‘ಊಟ ಆಯ್ತಾ? ಮಳೆ ನಿಂತಿತಾ?’ ಅಂತ ಕೇಳಿದ್ಲು. ಅರ್ಧ ಗಂಟೆ ಕಾಂಕ್ರೀಟಿನ ವಿಷಯ ಮಾತಾಡಿದ್ರಂತೆ. ಕೊನೆಗೆ ಅವನೇ ಹೇಳಿಕೊಂಡ, ‘ಸೊನ್ನೆಯಿಂದ ಶುರು ಮಾಡೋ ಶಕ್ತಿ ಇಲ್ಲ ಕಣೇ.’ ಅವಳು ಅಂದಿದ್ದು: ‘ಸೊನ್ನೆ ಯಾಕೆ? ಹದಿನೆಂಟು ದಿನ ಸೇದದೆ ಇದ್ದೆಯಲ್ಲ, ಅದನ್ನ ಯಾರು ಕಿತ್ಕೊಳ್ತಾರೆ?’

ಅವತ್ತೇ ಶೀಟ್ ಬದಲಾಯ್ತು. ಒಟ್ಟು ಸೇದದ ದಿನಗಳನ್ನು ಮಾತ್ರ ಎಣಿಸೋದು. ಎಡವಿದ ದಿನಕ್ಕೆ ಬಣ್ಣ ಇಲ್ಲ, ಖಾಲಿ ಬಿಡೋದು. ಹಿಂದಿನದು ಅಳಿಸೋ ಹಾಗಿಲ್ಲ. ದಾವಣಗೆರೆ ವಾಪಸ್ ಬಂದಾಗ ಅವನ ಹೆಸರಿನ ಮುಂದೆ 18 ಅಂತಲೇ ಇತ್ತು. ಶಿರಸಿ ಬರೆದ, ‘ನಾಳೆ 19.’ ಅಷ್ಟೇ, ಬೇರೆ ಯಾರೂ ಏನೂ ಬರೀಲಿಲ್ಲ.

ಆಮೇಲೆ ಅವನು ಬರೀ ಮನೋಬಲ ನಂಬಿಕೊಂಡು ಕೂರಲಿಲ್ಲ. ಪ್ಯಾಕಿನ ಮೇಲೇ ಅಚ್ಚಾಗಿರೋ ಕ್ವಿಟ್‌ಲೈನ್ ನಂಬರಿಗೆ ಫೋನ್ ಮಾಡಿದ. ಡಾಕ್ಟರ ಹತ್ತಿರ ಹೋಗಿ ನಿಕೋಟಿನ್ ಗಮ್ ಶುರು ಮಾಡಿದ. ಅದನ್ನು ಚೂಯಿಂಗ್ ಗಮ್ ಥರ ಒಂದೇ ಸಮನೆ ಅಗಿಯೋದಲ್ಲ. ನಿಧಾನವಾಗಿ ಅಗಿದು, ಖಾರ ಅನ್ನಿಸಿದಾಗ ಕೆನ್ನೆ ಒಳಗೆ ಇಟ್ಟುಕೊಂಡು, ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮುಂಚೆಯಿಂದ ಕಾಫಿ, ಜ್ಯೂಸ್ ಕುಡಿಯಬಾರದು, ಕುಡಿದ್ರೆ ನಿಕೋಟಿನ್ ಸರಿಯಾಗಿ ಹೀರಲ್ಲ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕು ಅನ್ನೋರ ಚಟ ಆಳವಾಗಿರುತ್ತೆ, ಅಂಥವರಿಗೆ ಈ ಥರದ ಸಹಾಯ ಬೇಕೇ ಬೇಕಾಗಬಹುದು. ಅದರಲ್ಲಿ ಅವಮಾನ ಏನೂ ಇಲ್ಲ.

ಹೇಳಿಕೊಳ್ಳೋಕೆ ಆಗದವರು

ಕುಂದಾಪುರ ಸೇದ್ತಾಳೆ ಅಂತ ಅವಳ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡುಮಕ್ಕಳು ಸೇದಿದ್ರೆ ಅಮ್ಮ ಅಳ್ತಾರೆ, ಬೈತಾರೆ, ದೇವರಿಗೆ ಹರಕೆ ಹೊರ್ತಾರೆ. ಹೆಣ್ಣುಮಗಳು ಸೇದಿದ್ರೆ ಮಾತು ಆರೋಗ್ಯದ ಹತ್ತಿರಕ್ಕೂ ಬರಲ್ಲ, ನಡತೆಯ ಕಡೆಗೆ ತಿರುಗುತ್ತೆ. ಹಾಗಾಗಿ ಅವಳು ಹೇಳಿರಲಿಲ್ಲ. ಬಿಟ್ಟಿದ್ದನ್ನೂ ಹೇಳೋ ಹಾಗಿಲ್ಲ.

‘ನಿಮಗೆಲ್ಲಾ ಮನೆಯಲ್ಲಿ ಶಹಬ್ಬಾಸ್ ಅಂತಾರೆ. ಹುಣಸೂರಿನ ಹೆಂಡತಿ ಪಾಯಸ ಮಾಡಿದ್ಲು. ನಾನು ಬಿಟ್ಟೆ ಅಂತ ಯಾರಿಗೆ ಹೇಳ್ಲಿ? ಸೇದ್ತಿದ್ದೆ ಅಂತಾನೇ ಯಾರಿಗೂ ಗೊತ್ತಿಲ್ಲ’ ಅಂತ ಒಂದು ದಿನ ಬರೆದಿದ್ಲು. ಮೂರನೇ ದಿನದ ಸಿಟ್ಟನ್ನು ಪಿರಿಯಡ್ಸ್ ಅಂತ, ನಿದ್ದೆ ಇಲ್ಲದ ಕಣ್ಣನ್ನು ಕೆಲಸದ ಒತ್ತಡ ಅಂತ ಹೇಳಿ ಕಳೆದಿದ್ಲು. ವಿಡಿಯೊ ಕಾಲ್‌ನಲ್ಲಿ ಅಮ್ಮ ‘ದಪ್ಪ ಆಗ್ತಿದ್ದೀಯ’ ಅಂದಾಗ ನಕ್ಕು ಸುಮ್ಮನಾಗಿದ್ಲು.

ಆನ್‌ಲೈನ್ ಸ್ನೇಹ ಅಂದ್ರೆ ಪೊಳ್ಳು ಅನ್ನೋರಿಗೆ ಇದನ್ನ ಹೇಳಬೇಕು ಅನ್ಸುತ್ತೆ. ಪಕ್ಕದ ಕೋಣೆಯಲ್ಲಿರುವವರಿಗೆ ಹೇಳಲಾಗದ್ದನ್ನು ಎಂಟು ಸಾವಿರ ಕಿಲೋಮೀಟರ್ ಆಚೆಯವರಿಗೆ ಹೇಳೋಕೆ ಆಗುತ್ತೆ ಅಂದ್ರೆ, ಅದೂ ಒಂದು ಮನೆಯೇ. ಅವಳ ನೂರನೇ ದಿನ ನಾವು ಐದೂ ಜನ ನಮ್ಮ ನಮ್ಮ ಊರಲ್ಲಿ ಪಾಯಸ ಮಾಡಿ, ಲೋಟದ ಫೋಟೊ ಹಾಕಿದ್ವಿ. ಬೀದರ್ ಮಾಡಿದ್ದು ತಳ ಹಿಡಿದಿತ್ತು.

ಬ್ಯಾರನ್ ಮುಂದೆ ನಿಂತವನು

ಹುಣಸೂರಿನದ್ದು ಇನ್ನೊಂದು ಥರದ ಕಷ್ಟ. ಹುಣಸೂರು, ಪಿರಿಯಾಪಟ್ಟಣದ ಕಡೆ ಓಡಾಡಿದವರಿಗೆ ಗೊತ್ತು, ಅಲ್ಲಿ ಹೊಲದ ನಡುವೆ ಎತ್ತರದ ಕಟ್ಟಡಗಳು ಕಾಣುತ್ತವೆ. ವರ್ಜೀನಿಯಾ ತಂಬಾಕಿನ ಎಲೆ ಬೇಯಿಸೋ ಬ್ಯಾರನ್ನುಗಳು. ಮುಂಗಾರಿಗೆ ನಾಟಿ, ಮಳೆಗಾಲದಲ್ಲಿ ಎಲೆ ಮುರಿಯೋದು, ಕೋಲಿಗೆ ಕಟ್ಟಿ ಬ್ಯಾರನ್ ಒಳಗೆ ಏರಿಸಿ ಸೌದೆ ಉರಿಯಲ್ಲಿ ಹದ ಮಾಡೋದು, ಆಮೇಲೆ ತಂಬಾಕು ಮಂಡಳಿಯ ಹರಾಜು ಕಟ್ಟೆ. ಅವನ ಅಪ್ಪ ಮೂವತ್ತು ವರ್ಷದಿಂದ ಅದನ್ನೇ ಬೆಳೀತಿದ್ದಾರೆ. ಅವನ ಕಾಲೇಜು ಫೀಸು, ತಂಗಿಯ ಮದುವೆ, ಮನೆಯ ಆರ್‌ಸಿಸಿ, ಎಲ್ಲಾ ಆ ಎಲೆಯದ್ದೇ. ಅಪ್ಪ ಮಾತ್ರ ಒಂದು ದಿನವೂ ಸೇದಿದವರಲ್ಲ.

ಆಗಸ್ಟಿನಲ್ಲಿ ಅವನು ಊರಿಗೆ ಹೋದ. ಬ್ಯಾರನ್ ಹತ್ತಿರ ರಾತ್ರಿ ಉರಿ ನೋಡಿಕೊಳ್ಳೋಕೆ ಒಬ್ಬರು ಇರಲೇಬೇಕು. ಅಪ್ಪನಿಗೆ ಮಲಗಿ ಅಂತ ಹೇಳಿ ಇವನು ಕೂತ. ಸುತ್ತಲೂ ಹದಕ್ಕೆ ಬಂದ ಎಲೆಯ ವಾಸನೆ. ರಾತ್ರಿ ಒಂದೂ ಹತ್ತಕ್ಕೆ ಗುಂಪಿನಲ್ಲಿ ‘ಬಂತು’ ಅಂತ ಬಂತು. ಹಿಂದೆಯೇ ಇನ್ನೊಂದು: ‘ಒಂದು ಬ್ಯಾರನ್ ತುಂಬಾ ಬಂತು.’

ಕುಂದಾಪುರ ಎದ್ದಿದ್ಲು, ನಾನೂ ಎದ್ದಿದ್ದೆ. ಬೆಳಗಿನ ಜಾವದವರೆಗೂ ಮಾತಾಡಿದ್ವಿ. ಇಷ್ಟು ಬೆಳೀತಿರೋ ಅಪ್ಪನ ಮುಂದೆ ನಾನು ಬಿಟ್ಟೆ ಅಂತ ಹೇಗೆ ಹೇಳೋದು ಅಂತ ಅವನಿಗೆ ಚಿಂತೆ. ಬೆಳಿಗ್ಗೆ ಹೇಳಿಯೇಬಿಟ್ಟ. ಅಪ್ಪ ಬೀಡೆ ಎಲೆಗೆ ಸುಣ್ಣ ಹಚ್ಚುತ್ತಾ, ‘ಒಳ್ಳೇದಾಯ್ತು. ಮಗು ಇದೆ ಮನೇಲಿ’ ಅಂದ್ರಂತೆ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ‘ನನಗೂ ಬೇರೆ ಏನಾದ್ರೂ ಬೆಳೆ ಹೇಳು’ ಅಂದ್ರಂತೆ. ಅದಕ್ಕೆ ಅವನ ಹತ್ತಿರ ಇನ್ನೂ ಉತ್ತರ ಇಲ್ಲ. ನಮ್ಮ ಹತ್ತಿರವೂ ಇಲ್ಲ.

ಗುಂಪಾಗಿ ಬಿಡ್ತಾರೆ ಅನ್ನೋದಕ್ಕೆ ಲೆಕ್ಕ ಇದೆ

ಇದು ನಮ್ಮ ಆರು ಜನರ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನದಲ್ಲಿ ಭಾಗವಹಿಸಿದವರ ಸ್ನೇಹ, ನಂಟಸ್ತಿಕೆಗಳ ಜಾಲವನ್ನು ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅನ್ನೋ ಇಬ್ಬರು ಸಂಶೋಧಕರು ಪರಿಶೀಲಿಸಿದ್ದರು. 12,067 ಜನ, 1971ರಿಂದ 2003ರವರೆಗಿನ ಮಾಹಿತಿ. 2008ರಲ್ಲಿ ಪ್ರಕಟವಾಯ್ತು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ 67ರಷ್ಟು ಇಳಿದಿತ್ತು. ಸ್ನೇಹಿತ ಬಿಟ್ಟರೆ ಶೇ 36, ಒಡಹುಟ್ಟಿದವರು ಬಿಟ್ಟರೆ ಶೇ 25, ಸಣ್ಣ ಆಫೀಸಿನ ಸಹೋದ್ಯೋಗಿ ಬಿಟ್ಟರೆ ಶೇ 34. ಒಬ್ಬರಿಗೊಬ್ಬರು ಅಂಟಿಕೊಂಡ ಗುಂಪುಗಳು ಒಟ್ಟಿಗೇ ಬಿಟ್ಟಿದ್ದವು.

ಅಣ್ಣತಮ್ಮಂದಿರಿಗಿಂತ ಸ್ನೇಹಿತರ ಪ್ರಭಾವ ಜಾಸ್ತಿ ಅನ್ನೋದನ್ನು ಗಮನಿಸಿ. ಕಲಿತದ್ದೂ ಸ್ನೇಹಿತರ ಜೊತೆಗೇ ಅಲ್ವಾ?

ನೀವೂ ಶುರು ಮಾಡೋದಾದ್ರೆ

ನಾಲ್ಕರಿಂದ ಆರು ಜನ ಸಾಕು. ಹೊಸಬರನ್ನು ಹುಡುಕಬೇಡಿ, ಈಗಾಗಲೇ ನಿಮ್ಮನ್ನು ಇಷ್ಟಪಡುವವರನ್ನು ಸೇರಿಸಿ. ಒಬ್ಬರಾದ್ರೂ ರಾತ್ರಿ ಎದ್ದಿರೋರು ಇರಲಿ, ನೈಟ್ ಶಿಫ್ಟಿನವರು, ಹೊರದೇಶದಲ್ಲಿರುವವರು, ಚಿಕ್ಕ ಮಗು ಇರುವವರು. ಒಂದು ಪದ ಗೊತ್ತು ಮಾಡಿಕೊಳ್ಳಿ. ಉತ್ತರ ಬರೆಯೋಕೆ ಪುರುಸೊತ್ತಿಲ್ಲದಿದ್ರೆ ಒಂದು ಫೋಟೊ ಸಾಕು. ಉಪದೇಶ, ವಿಡಿಯೊ, ನುಡಿಮುತ್ತು ಬೇಡ. ಎಡವಿದವರನ್ನು ಕಾರಣ ಕೇಳಬೇಡಿ, ಊಟ ಆಯ್ತಾ ಅಂತ ಕೇಳಿ.

ಜೇಬಲ್ಲಿ ಲವಂಗ, ಸೋಂಪು, ಕಡ್ಲೆಕಾಯಿ ಏನಾದ್ರೂ ಇರಲಿ. ಖರ್ಚಿನ ಲೆಕ್ಕವನ್ನೂ ಹಾಕಿ. ಒಂದಕ್ಕೆ 20 ರೂಪಾಯಿ, ದಿನಕ್ಕೆ ಐದು ಅಂತ ಇಟ್ಟುಕೊಂಡರೂ ವರ್ಷಕ್ಕೆ 36,500 ರೂಪಾಯಿ. ಇಬ್ಬರು ಅಂಡಮಾನಿಗೆ ಹೋಗಿ ಬರೋ ಟಿಕೆಟ್ ದುಡ್ಡು.

ಸ್ನೇಹಿತರಿಂದ ಆಗದ ಕೆಲಸಕ್ಕೆ ತಿಳಿದವರು ಇದ್ದಾರೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ನಂಬರು 1800-11-2356, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳೋರು ಗಮ್ ಅಥವಾ ಮಾತ್ರೆ ಶುರು ಮಾಡೋ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಲಾಭ ಬೇಗ ಕಾಣುತ್ತೆ. ಒಂದೆರಡು ದಿನದಲ್ಲಿ ರಕ್ತದಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಸೇದದವರ ಮಟ್ಟಕ್ಕೆ ಇಳಿಯುತ್ತೆ. ಒಂದು ವರ್ಷ ಆದಾಗ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಬಂದಿರುತ್ತೆ. ದಿನಕ್ಕೆ ಒಂದೇ ಒಂದು ಸೇದ್ತೀನಿ ಅನ್ನೋರಿಗೆ ಮಾತ್ರ ಈ ಲಾಭ ಅಷ್ಟಾಗಿ ಸಿಗಲ್ಲ, ಹೃದಯದ ಮಟ್ಟಿಗೆ ಒಂದು ಸಿಗರೇಟಿನ ಅಪಾಯವೂ ಸಣ್ಣದಲ್ಲ.

ಈಗ 14 ತಿಂಗಳು ಆಯ್ತು. ಹುಣಸೂರು, ಕುಂದಾಪುರ, ನಾನು ಆ ಸೋಮವಾರದಿಂದ ಸೇದಿಲ್ಲ. ಶಿರಸಿ ಮಧ್ಯೆ ಎರಡು ಸಲ ಹೋಗಿ ಬಂದ. ದಾವಣಗೆರೆ ಎಂಟು ತಿಂಗಳಿಂದ ಆರಾಮ. ಬೀದರ್ ಹನ್ನೆರಡರಿಂದ ಎರಡಕ್ಕೆ ಇಳಿಸಿದ್ದಾನೆ, ಪೂರ್ತಿ ಬಿಟ್ಟಿಲ್ಲ. ಅವನನ್ನು ಗುಂಪಿನಿಂದ ತೆಗೆಯೋ ಮಾತೇ ಬಂದಿಲ್ಲ, ಬರೋದೂ ಇಲ್ಲ. ಯಾಕಂದ್ರೆ ಯಾರಾದ್ರೂ ‘ಬಂತು’ ಅಂದ್ರೆ ಎಲ್ಲರಿಗಿಂತ ಮೊದಲು ಉತ್ತರ ಬರೋದು ಅವನಿಂದಲೇ.